ನಗಿಸುವ ಹಾಡು, ನಗದ ವಾದ್ಯ

ಆರ್ಥರ್ ಸಲಿವನ್ ಒಂದು ದಿನ ‘ದ ಗೋಲ್ಡನ್ ಲೆಜೆಂಡ್’ ಎಂಬ ತನ್ನ ಕೃತಿಯ ಸ್ವರಲಿಪಿಯನ್ನು ಎಥೆಲ್ ಸ್ಮಿತ್ ಎಂಬ ಕಿರಿಯ ಸಂಗೀತಗಾರ್ತಿಯ ಕೈಗಿತ್ತು, ತಾನು ಮಾಡಿದ್ದರಲ್ಲೆಲ್ಲ ಇದೇ ಒಳ್ಳೆಯದಲ್ಲವೇ ಎಂದು ಕೇಳಿದನಂತೆ. ಆಕೆಗೆ ಮುಖಸ್ತುತಿ ಬರುತ್ತಿರಲಿಲ್ಲ. ನಿಮ್ಮ ಮೇರುಕೃತಿ ‘ಮಿಕಾಡೊ’ ಎಂದುಬಿಟ್ಟಳು. ಸಲಿವನ್ ಸಲಿಗೆಯಿಂದ ಬೈದು ನಕ್ಕ. ನಕ್ಕರೂ ಮುಖ ಸಪ್ಪಗಾದದ್ದು ತನಗೆ ಕಾಣಿಸಿತು ಎಂದು ಸ್ಮಿತ್ ತನ್ನ ನೆನಪುಗಳಲ್ಲಿ ಬರೆದಿದ್ದಾಳೆ.

‘ಗೋಲ್ಡನ್ ಲೆಜೆಂಡ್’ ದೊಡ್ಡ ಗಾಯಕ ಸಮೂಹ ಸಾಲುಗಟ್ಟಿ ನಿಂತು ಹಾಡುವ, ಸೈತಾನನೂ ಭಕ್ತೆಯೂ ಬರುವ ಗಂಭೀರ ಕಥನಗಾನ. ‘ಮಿಕಾಡೊ’ ಹುಸಿ ಜಪಾನೊಂದರಲ್ಲಿ ನಡೆಯುವ ಹಾಸ್ಯ ಗೀತನಾಟಕ. ಅದರಲ್ಲಿ ತಲೆ ಕಡಿಯುವುದೇ ಉದ್ಯೋಗವಾದವನಿಗೆ ನೊಣ ಹೊಡೆಯುವ ಧೈರ್ಯವೂ ಇಲ್ಲ. ಸಲಿವನ್ ತೀರಿಕೊಂಡು 125 ವರ್ಷವಾಯಿತು. ಅವನ ಬಗ್ಗೆ ಬರೆದ ಹೆಚ್ಚಿನವರು ಅವತ್ತಿನ ಆ ಮಾತುಕತೆಯನ್ನೇ ಮುಂದುವರಿಸಿದ್ದಾರೆ. ಇಂಗ್ಲೆಂಡಿನ ಮಹಾ ಸಂಗೀತಗಾರನಾಗಬೇಕಿದ್ದವನು ತಮಾಷೆಗೆ ಬಿದ್ದು ಹಾಳಾದ ಎಂದು ಒಂದು ಪಕ್ಷ. ತಮಾಷೆಯಲ್ಲೇ ಅವನು ದೊಡ್ಡವನಾದದ್ದು, ಉಳಿದದ್ದೆಲ್ಲ ಶ್ರಾದ್ಧದ ಊಟದಷ್ಟು ಸಪ್ಪೆ ಎಂದು ಇನ್ನೊಂದು. ಎರಡೂ ಪಕ್ಷಗಳು ಸಲಿವನ್ ಇಬ್ಬರಿದ್ದರು ಎಂದು ಒಪ್ಪಿಕೊಂಡೇ ಜಗಳ ಶುರುಮಾಡುತ್ತವೆ. ನನ್ನ ತಕರಾರು ಅಲ್ಲಿಯೇ.

ಅವನು ಹುಟ್ಟಿದ್ದು 1842ರ ಮೇ 13ರಂದು, ಲಂಡನ್ನಿನ ಲ್ಯಾಂಬೆತ್‌ನಲ್ಲಿ. ಅಪ್ಪ ಥಾಮಸ್ ಐರಿಷ್ ಮೂಲದವನು, ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜಿನ ಬ್ಯಾಂಡ್ ಮಾಸ್ಟರ್. ಹುಡುಗ ತಾಲೀಮಿನ ಕೋಣೆಯಲ್ಲೇ ಬೆಳೆದ. ಎಂಟು ವರ್ಷಕ್ಕೆ ಬ್ಯಾಂಡಿನ ಊದುವ ವಾದ್ಯಗಳನ್ನು ಹೆಚ್ಚುಕಡಿಮೆ ಎಲ್ಲವನ್ನೂ ನುಡಿಸುತ್ತಿದ್ದ. ಇದನ್ನು ಬಾಲಪ್ರತಿಭೆಯ ಅಲಂಕಾರವಾಗಿ ಬಿಟ್ಟುಬಿಡಬಾರದು. ಪಿಯಾನೊ ಮುಂದೆ ಕೂತು ಕಲಿತವನಿಗೆ ವಾದ್ಯವೃಂದ ಆಮೇಲೆ ಹಚ್ಚುವ ಬಣ್ಣ. ಇವನಿಗೆ ಕ್ಲಾರಿನೆಟ್ ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ, ಬಸೂನ್ ಯಾವ ಸ್ವರದಲ್ಲಿ ಗೊಗ್ಗರು ಗಂಟಲಿನ ಮುದುಕನಂತೆ ಕೇಳಿಸುತ್ತದೆ ಎಂಬುದು ಅಕ್ಷರ ಕಲಿಯುವ ವಯಸ್ಸಿನಲ್ಲೇ ಗೊತ್ತಿತ್ತು.

1854ರಲ್ಲಿ ಅರಮನೆಯ ಚರ್ಚಾದ ಚಾಪೆಲ್ ರಾಯಲ್‌ನ ಹಾಡುವ ಹುಡುಗರ ಗುಂಪಿಗೆ ಸೇರಿದ. 1856ರಲ್ಲಿ ಮೆಂಡೆಲ್‌ಸನ್ ಹೆಸರಿನ ವಿದ್ಯಾರ್ಥಿವೇತನವನ್ನು ಮೊದಲ ಬಾರಿಗೆ ಕೊಟ್ಟಾಗ ಅದು ಸಿಕ್ಕಿದ್ದು ಹದಿನಾಲ್ಕರ ಈ ಹುಡುಗನಿಗೆ. ಲಂಡನ್ನಿನ ರಾಯಲ್ ಅಕಾಡೆಮಿ ಮುಗಿಸಿ 1858ರಲ್ಲಿ ಜರ್ಮನಿಯ ಲೈಪ್‌ಜಿಗ್‌ಗೆ ಹೋದ. ಮೆಂಡೆಲ್‌ಸನ್ನನೇ ಕಟ್ಟಿದ ಶಾಲೆ ಅದು. ಮೂರು ವರ್ಷ ಕೌಂಟರ್‌ಪಾಯಿಂಟ್, ಫ್ಯೂಗ್, ವಾದ್ಯವೃಂದದ ಬರವಣಿಗೆ ಅರೆದು ಕುಡಿದು, ಶೇಕ್ಸ್‌ಪಿಯರನ ‘ದ ಟೆಂಪೆಸ್ಟ್’ ನಾಟಕಕ್ಕೆ ಸಂಗೀತ ಬರೆದುಕೊಂಡು ಊರಿಗೆ ಮರಳಿದ. 1862ರ ಏಪ್ರಿಲ್‌ನಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಅದನ್ನು ನುಡಿಸಿದಾಗ ಅವನಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಜನ ಎಷ್ಟು ಮೆಚ್ಚಿದರೆಂದರೆ ಮುಂದಿನ ವಾರ ಮತ್ತೊಮ್ಮೆ ನುಡಿಸಬೇಕಾಯಿತು.

ಈ ಉತ್ಸಾಹಕ್ಕೆ ಒಂದು ಹಿನ್ನೆಲೆಯಿದೆ. 1695ರಲ್ಲಿ ಪರ್ಸೆಲ್ ಸತ್ತ ಮೇಲೆ ತಮ್ಮದೇ ಎಂದು ಎದೆತಟ್ಟಿ ಹೇಳಿಕೊಳ್ಳಬಲ್ಲ ದೊಡ್ಡ ಸಂಯೋಜಕ ಇಂಗ್ಲಿಷರಿಗೆ ಸಿಕ್ಕಿರಲಿಲ್ಲ. ಹ್ಯಾಂಡಲ್ ಜರ್ಮನಿಯಿಂದ ಬಂದವನು, ಮೆಂಡೆಲ್‌ಸನ್ ಬಂದುಹೋಗುತ್ತಿದ್ದ ಅತಿಥಿ. ಒಂದೂವರೆ ಶತಮಾನಕ್ಕೂ ಹೆಚ್ಚಿನ ಬಾಕಿಯನ್ನು ತೀರಿಸುವ ಹೊಣೆ ಲ್ಯಾಂಬೆತ್‌ನ ಹುಡುಗನ ತಲೆಗೆ ಬಂತು. ಆಮೇಲೆ ಅವನನ್ನು ಬೈದವರ ಸಿಟ್ಟು ಅವನು ಏನು ಮಾಡಿದ ಎಂಬುದರ ಮೇಲೆ ಇರಲಿಲ್ಲ, ಈ ಸಾಲವನ್ನು ತೀರಿಸಲಿಲ್ಲ ಎಂಬುದರ ಮೇಲೆ ಇತ್ತು.

1866ರ ಲೆಕ್ಕ ನೋಡಿ. ಆ ವರ್ಷ ಅವನ ಏಕೈಕ ಸಿಂಫನಿ ವೇದಿಕೆಗೆ ಬಂತು. ಚೆಲ್ಲೊ ಕನ್‌ಚೆರ್ಟೊ ಬಂತು. ಅಪ್ಪ ಹಠಾತ್ತನೆ ತೀರಿಕೊಂಡ ದುಃಖದಲ್ಲಿ ‘ಇನ್ ಮೆಮೋರಿಯಂ’ ಎಂಬ ವಾದ್ಯಕೃತಿ ಬಂತು. ಅದೇ ವರ್ಷ ಗೆಳೆಯರ ಮನೆಕೂಟಕ್ಕೆಂದು ‘ಕಾಕ್ಸ್ ಆ್ಯಂಡ್ ಬಾಕ್ಸ್’ ಎಂಬ ಪ್ರಹಸನಕ್ಕೂ ಸಂಗೀತ ಕಟ್ಟಿದ. ಒಂದೇ ಬಾಡಿಗೆ ಕೋಣೆಯನ್ನು ಹಗಲಿಗೊಬ್ಬನಿಗೆ ರಾತ್ರಿಗೊಬ್ಬನಿಗೆ ಕೊಟ್ಟು ಎರಡು ಬಾಡಿಗೆ ವಸೂಲಿ ಮಾಡುವ ಮನೆಯೊಡೆಯನ ಕಥೆ ಅದು. ಗಂಭೀರ ಸಲಿವನ್ ಆಮೇಲೆ ಜಾರಿಬಿದ್ದು ಹಾಸ್ಯಕ್ಕಿಳಿದ ಎಂಬ ಕಥೆ ಈ ಒಂದು ವರ್ಷದ ಮುಂದೆ ನಿಲ್ಲುವುದಿಲ್ಲ. ಮರುವರ್ಷ ಜಾರ್ಜ್ ಗ್ರೋವ್ ಎಂಬ ಗೆಳೆಯನೊಂದಿಗೆ ವಿಯೆನ್ನಾಕ್ಕೆ ಹೋಗಿ, ಶೂಬರ್ಟ್‌ನ ‘ರೋಸಮುಂಡೆ’ ಸಂಗೀತದ ಕಳೆದುಹೋಗಿದ್ದ ಹಾಳೆಗಳನ್ನು ಧೂಳು ತುಂಬಿದ ಬೀರುವಿನಿಂದ ಎತ್ತಿ, ರಾತ್ರಿ ಎರಡರ ತನಕ ನಕಲು ಮಾಡಿಕೊಂಡ. ಮುಗಿದ ಮೇಲೆ ಗೆಳೆಯರೆಲ್ಲ ಒಬ್ಬರ ಬೆನ್ನ ಮೇಲೊಬ್ಬರು ಹಾರಿ ಕುಪ್ಪಳಿಸುವ ಆಟ ಆಡಿದರಂತೆ. ಪಾಂಡಿತ್ಯಕ್ಕೂ ಕುಪ್ಪಳಿಕೆಗೂ ಅವನಲ್ಲಿ ಬಾಗಿಲು ಒಂದೇ.

ಹೊಟ್ಟೆಪಾಡಿಗೆ ಅವನು ಚರ್ಚುಗಳಲ್ಲಿ ಆರ್ಗನ್ ನುಡಿಸುತ್ತಿದ್ದ, ಮಧ್ಯಮವರ್ಗದ ಮನೆಗಳ ಪಡಸಾಲೆಯಲ್ಲಿ ಹಾಡುವ ಭಾವಗೀತೆಗಳನ್ನು ಬರೆಯುತ್ತಿದ್ದ. ಸೈನ್ಯದ ನಡಿಗೆಯಂತೆ ಸಾಗುವ ‘ಆನ್‌ವರ್ಡ್ ಕ್ರಿಶ್ಚಿಯನ್ ಸೋಲ್ಜರ್ಸ್’ ಸ್ತುತಿಗೀತೆಯ ಧಾಟಿ 1871ರದು, ಅವನದೇ. ಚೆಸ್ಟರ್ ಸ್ಕ್ವೇರ್ ಚರ್ಚಿನಲ್ಲಿ ಗಾಯಕರಿಲ್ಲದೆ ಹತ್ತಿರದ ಪೊಲೀಸ್ ಠಾಣೆಯಿಂದ ಪೇದೆಗಳನ್ನು ಕರೆತಂದು ಹಾಡಲು ಕಲಿಸಿದ. ದಪ್ಪ ದನಿಯ ಆ ಒಳ್ಳೆಯ ಜನ ಮುಂದೆ ‘ದ ಪೈರೇಟ್ಸ್ ಆಫ್ ಪೆನ್‌ಜಾನ್ಸ್’ನ ಅಂಜುಬುರುಕ ಪೊಲೀಸರ ಮೇಳವಾಗಿ ರಂಗಕ್ಕೆ ಬಂದರು. ಚರ್ಚಿಗೂ ರಂಗಮಂದಿರಕ್ಕೂ ನಡುವೆ ಇವನ ಮಟ್ಟಿಗೆ ದೊಡ್ಡ ಗೋಡೆಯಿರಲಿಲ್ಲ.

ಸಾಹಿತ್ಯ ಬರೆಯುವ ಡಬ್ಲ್ಯು. ಎಸ್. ಗಿಲ್ಬರ್ಟ್‌ ಜೊತೆ ಅವನು ಮೊದಲು ಸೇರಿದ್ದು 1871ರ ‘ಥೆಸ್ಪಿಸ್’ನಲ್ಲಿ, ಅದರ ಸಂಗೀತ ಬಹುಪಾಲು ಕಳೆದುಹೋಗಿದೆ. ನಿಜವಾದ ಆರಂಭ 1875ರ ಮಾರ್ಚ್ 25ರ ‘ಟ್ರಯಲ್ ಬೈ ಜ್ಯೂರಿ’. ಗಿಲ್ಬರ್ಟ್ ಒಂದು ಕಾಲಕ್ಕೆ ವಕೀಲಿಕೆ ಮಾಡಿ ಸೋತವನು. ನ್ಯಾಯಾಲಯದ ಬೂಟಾಟಿಕೆ ಅವನಿಗೆ ಅಂಗೈಗೆರೆಯಷ್ಟು ಪರಿಚಿತ. ಥಿಯೇಟರ್ ವ್ಯವಸ್ಥಾಪಕ ರಿಚರ್ಡ್ ಡೋಯ್ಲಿ ಕಾರ್ಟ್ ಹೇಳಿದನೆಂದು ಚಳಿಯ ಒಂದು ಬೆಳಿಗ್ಗೆ ಸಲಿವನ್ ಮನೆಗೆ ಬಂದು ತನ್ನ ಬರಹ ಓದತೊಡಗಿದ. ಓದುತ್ತ ಓದುತ್ತ ತನ್ನ ಬರವಣಿಗೆ ತನಗೇ ಹಿಡಿಸದವನಂತೆ ಸಿಡುಕುತ್ತ ಹೋದ. ಕೇಳುತ್ತಿದ್ದವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅದರಲ್ಲಿ ನ್ಯಾಯಾಧೀಶನ ಪಾತ್ರ ಮಾಡಿದ್ದು ಸಲಿವನ್‌ನ ಅಣ್ಣ ಫ್ರೆಡ್. ಎರಡೇ ವರ್ಷದೊಳಗೆ ಆ ಅಣ್ಣ ಕಾಯಿಲೆ ಬಿದ್ದು ತೀರಿಕೊಂಡ. ರೋಗಿಯ ಹಾಸಿಗೆಯ ಪಕ್ಕ ಕೂತು ಬರೆದ ‘ದ ಲಾಸ್ಟ್ ಕಾರ್ಡ್’ ಇಂಗ್ಲೆಂಡಿನ ಮನೆಮನೆಯ ಹಾಡಾಯಿತು.

ಇನ್ನು ಅವನ ಕಸುಬಿನ ವಿಚಾರ. ಸಲಿವನ್ ಮೇಲಿನ ಚರ್ಚೆಗಳಲ್ಲಿ ತೀರಾ ಕಡಿಮೆ ಮಾತು ಖರ್ಚಾಗುವುದು ಇದರ ಮೇಲೆಯೇ.

ಗಿಲ್ಬರ್ಟ್ ಸಾಹಿತ್ಯ ಮೊದಲು ಬರುತ್ತಿತ್ತು, ರಾಗ ಆಮೇಲೆ. ಆದರೆ ಸಾಹಿತ್ಯಕ್ಕೂ ರಾಗಕ್ಕೂ ನಡುವೆ ಇನ್ನೊಂದು ಮೆಟ್ಟಿಲಿತ್ತು. ಹಾಡು ಕೈಗೆ ಬಂದ ಕೂಡಲೇ ಅವನು ಸ್ವರ ಹುಡುಕುತ್ತಿರಲಿಲ್ಲ. ಕಾಗದದ ಮೇಲೆ ಬರೀ ಚುಕ್ಕಿ, ಗೆರೆ ಹಾಕುತ್ತಿದ್ದ. ಒಂದೇ ಸಾಲನ್ನು ಐದಾರು ಬಗೆಯಲ್ಲಿ ನಡೆಸಿ ನೋಡಿ, ಯಾವ ನಡೆಯಲ್ಲಿ ಮಾತು ಮಾತಾಗಿಯೂ ಉಳಿದು ಕುಣಿಯುತ್ತದೋ ಅದನ್ನು ಆರಿಸಿಕೊಂಡ ಮೇಲೆಯೇ ರಾಗ. 1899ರಲ್ಲಿ ಆರ್ಥರ್ ಲಾರೆನ್ಸ್ ಬರೆದ ಜೀವನಚರಿತ್ರೆಯಲ್ಲಿ ಸಲಿವನ್ ಈ ಕ್ರಮವನ್ನು ತಾನೇ ವಿವರಿಸಿದ್ದಾನೆ. ಛಂದಸ್ಸು ಕಲಿತ ಕನ್ನಡಿಗನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಅವನು ಮಾಡುತ್ತಿದ್ದದ್ದು ಲಘು ಗುರು ಹಾಕಿ ಪ್ರಸ್ತಾರ ಮಾಡುವ ಕೆಲಸ. ಗಿಲ್ಬರ್ಟ್‌ನ ಪದ್ಯ ಎಷ್ಟು ಹದವಾಗಿತ್ತೆಂದರೆ ಸಾಮಾನ್ಯ ಸಂಯೋಜಕನನ್ನು ಅದು ಟಿಕ್‌ಟಾಕ್ ಗಡಿಯಾರದ ನಡೆಗೆ ಎಳೆದುಬಿಡುತ್ತಿತ್ತು. ಅದನ್ನು ತಪ್ಪಿಸಿಕೊಂಡು ಪದ್ಯದ ಗತಿಯ ಮೇಲೆ ಬೇರೆಯದೇ ಗತಿಯನ್ನು ಕೂರಿಸುವುದು ಸಲಿವನ್‌ನ ದೊಡ್ಡ ಗುಟ್ಟು. ಉಸಿರು ಬಿಡದೆ ಪಟಪಟನೆ ಉದುರಿಸುವ ಪ್ಯಾಟರ್ ಹಾಡುಗಳಲ್ಲಂತೂ ಅವನು ರಾಗವನ್ನು ಬೇಕೆಂದೇ ಬಡವಾಗಿಸುತ್ತಾನೆ. ಎರಡು ಮೂರು ಸ್ವರಗಳ ನಡುವೆ ಹಾಡು ಓಡಾಡಿಕೊಂಡಿರುತ್ತದೆ; ಕೊನೆಯ ಸಾಲಿನ ಜನ ಒಂದು ಅಕ್ಷರವನ್ನೂ ಕಳೆದುಕೊಳ್ಳುವುದಿಲ್ಲ. ತನ್ನ ಕಲೆಯನ್ನು ಬಚ್ಚಿಡಲು ಬೇಕಾದ ವಿನಯ ಎಲ್ಲ ಕಲಾವಿದರಿಗೂ ಇರುವುದಿಲ್ಲ.

ಒಮ್ಮೆ ಮಾತ್ರ ಪ್ರಸ್ತಾರ ಕೈಕೊಟ್ಟಿತು. 1888ರ ‘ದ ಯೋಮನ್ ಆಫ್ ದ ಗಾರ್ಡ್’ನಲ್ಲಿ ವಿದೂಷಕನ ಹಾಡೊಂದಿದೆ, ಪ್ರತಿ ಚರಣದಲ್ಲೂ ಹಿಂದಿನ ಸಾಲುಗಳೆಲ್ಲ ಬೆನ್ನುಹತ್ತಿ ಬಂದು ಬಾಲ ಬೆಳೆಯುತ್ತ ಹೋಗುವ ರಚನೆ. ಸಲಿವನ್ ಎರಡು ವಾರ ಹೆಣಗಿದ. ಬರೆಯುವಾಗ ನಿನ್ನ ತಲೆಯಲ್ಲಿ ಯಾವುದಾದರೂ ಧಾಟಿ ಇತ್ತೇ ಎಂದು ಕೊನೆಗೆ ಗಿಲ್ಬರ್ಟ್‌ನನ್ನೇ ಕೇಳಬೇಕಾಯಿತು. ಸಂಗೀತದ ಗಂಧವಿಲ್ಲದ ಗಿಲ್ಬರ್ಟ್ ತನ್ನ ಹಡಗಿನ ನಾವಿಕರು ಹಾಡುತ್ತಿದ್ದ ಹಾಡೊಂದನ್ನು ಗುನುಗಿ ತೋರಿಸಿದ. ಗಂಟು ಬಿಚ್ಚಿಕೊಂಡಿತು.

ವಾದ್ಯಗಳಿಗೆ ಬರೆಯುವ ಕೆಲಸ ಕಟ್ಟಕಡೆಗೆ. ಮೊದಲ ಪ್ರದರ್ಶನಕ್ಕೆ ಕೆಲವೇ ದಿನಗಳಿರುವಾಗ ರಾತ್ರಿಯೆಲ್ಲ ಕೂತು, ಮೂತ್ರಪಿಂಡದ ಕಲ್ಲಿನ ನೋವು ತಿನ್ನುತ್ತಿರುವಾಗಲೇ, ನೂರಾರು ಪುಟ ಬರೆದು ಮುಗಿಸುತ್ತಿದ್ದ. ಆರಂಭದ ವಾದ್ಯಸಂಗೀತವನ್ನು ಕಟ್ಟಿಕೊಡುವ ಕೆಲಸ ಎಷ್ಟೋ ಬಾರಿ ಸಹಾಯಕರ ಪಾಲಿಗೆ ಬೀಳುತ್ತಿತ್ತು. ವಾದ್ಯವೃಂದ ಚಿಕ್ಕದು, ಮೂವತ್ತರ ಆಸುಪಾಸಿನ ಜನ. ‘ಯೋಮನ್’ ಬರುವ ತನಕ ಬಸೂನ್ ಕೂಡ ಒಂದೇ. ಆ ಒಂದೇ ಬಸೂನ್ ಮಾಡುವ ಕಿತಾಪತಿಗಳನ್ನು ಕೇಳಲೆಂದೇ ನಾನು ಕೆಲವು ಧ್ವನಿಮುದ್ರಿಕೆಗಳನ್ನು ಹಾಕಿಕೊಳ್ಳುವುದುಂಟು. ಮಿಕಾಡೊ ಚಕ್ರವರ್ತಿ ತಾನು ವಿಧಿಸುವ ಶಿಕ್ಷೆಗಳ ಪಟ್ಟಿ ಹಾಡುತ್ತ ಬಾಕ್‌ನ ಹೆಸರೆತ್ತಿದ ಕ್ಷಣವೇ ಕ್ಲಾರಿನೆಟ್ ಮತ್ತು ಬಸೂನ್ ಬಾಕ್‌ನ ಒಂದು ಆರ್ಗನ್ ಫ್ಯೂಗಿನ ಮೊದಲ ಸಾಲನ್ನು ಕೆಳದನಿಯಲ್ಲಿ ನುಡಿಸಿ ಸುಮ್ಮನಾಗುತ್ತವೆ. ತಿಳಿದವನಿಗೆ ಅದೊಂದು ಕಣ್ಸನ್ನೆ. ತಿಳಿಯದವನಿಗೂ ಹಾಡು ಎಲ್ಲೂ ನಿಲ್ಲುವುದಿಲ್ಲ.

ಆದರೆ ಹೀಗೆ ಕಣ್ಣು ಮಿಟುಕಿಸುವುದು ಅಪರೂಪ. ಅವನ ಹಾಸ್ಯದ ಮುಖ್ಯ ಉಪಾಯ ಇದಕ್ಕೆ ತೀರಾ ಉಲ್ಟಾ: ಮಾತು ಎಷ್ಟು ಹುಚ್ಚುಹುಚ್ಚಾಗಿದ್ದರೂ ವಾದ್ಯ ನಗುವುದಿಲ್ಲ. ‘ಟ್ರಯಲ್ ಬೈ ಜ್ಯೂರಿ’ಯಲ್ಲಿ ಲಂಪಟ ನ್ಯಾಯಾಧೀಶ ಒಳಗೆ ಬರುವಾಗ ಮೇಳ ಹಾಡುವುದು ಹ್ಯಾಂಡಲ್‌ನ ದೇವಸ್ತುತಿಯ ಗಾಂಭೀರ್ಯದಲ್ಲಿ. ಮದುವೆಯ ಮಾತು ಮುರಿದವನಿಗೆ ಏನು ಮಾಡುವುದೆಂಬ ಇಕ್ಕಟ್ಟಿನಲ್ಲಿ ಎಲ್ಲರೂ ಸೇರಿ ಹಾಡುವ ಭಾಗ ಇಟಲಿಯ ದುರಂತ ಒಪೆರಾದಿಂದ ಎದ್ದುಬಂದಂತಿದೆ, ಮತ್ತು ಆ ಒಪೆರಾಗಳ ಜೊತೆ ಸಮಸಮ ನಿಲ್ಲುವಷ್ಟು ಚೆಲುವಾಗಿದೆ. ಅಣಕ ಮಾಡುವವನಿಗೆ ಅಣಕಿಸುವ ವಸ್ತುವಿನ ಮೇಲೆ ಪ್ರೀತಿಯಿಲ್ಲದಿದ್ದರೆ ಅದು ಹತ್ತು ನಿಮಿಷದಲ್ಲಿ ಹಳಸುತ್ತದೆ. ಆ ಕಾಲದ ಎಷ್ಟೋ ಅಣಕುನಾಟಕಗಳು ಹಾಗೇ ಹಳಸಿಹೋದವು. ಸಲಿವನ್‌ಗೆ ಹ್ಯಾಂಡಲ್ ಮೇಲೆ ಭಕ್ತಿಯಿತ್ತು. ಆದ್ದರಿಂದಲೇ ನ್ಯಾಯಾಧೀಶ ಇಂದಿಗೂ ನಗಿಸುತ್ತಾನೆ.

ಲೈಪ್‌ಜಿಗ್‌ನಲ್ಲಿ ಕಲಿತ ಕೌಂಟರ್‌ಪಾಯಿಂಟ್ ಕೂಡ ಹೀಗೇ ಬಳಕೆಗೆ ಬಂತು. ನಮ್ಮ ಸಂಗೀತದಲ್ಲಿ ಒಂದು ಹೊತ್ತಿಗೆ ಒಂದೇ ಸ್ವರಸಾಲು ಸಾಗುತ್ತದೆ. ಎರಡು ಬೇರೆ ಸಾಲುಗಳನ್ನು ಒಟ್ಟಿಗೆ ಹರಿಸಿಯೂ ಕಿವಿಗೆ ಹಿತವಾಗಿಸುವ ವಿದ್ಯೆಯೇ ಕೌಂಟರ್‌ಪಾಯಿಂಟ್. ‘ಪೈರೇಟ್ಸ್’ನಲ್ಲಿ ಪೊಲೀಸರು ತಮ್ಮ ನಡುಕದ ಹಾಡು ಹಾಡುತ್ತಾರೆ. ಹುಡುಗಿಯರು, ಹೋಗಿ ವೀರಮರಣ ಹೊಂದಿ ಬನ್ನಿ ಎಂದು ಉದಾತ್ತವಾಗಿ ಹರಸುತ್ತಾರೆ. ಎರಡೂ ಬೇರೆ ಬೇರೆ ಹಾಡು ಎಂದು ನಾವು ನಂಬಿ ಕೂತಿರುವಾಗ ಎರಡೂ ಏಕಕಾಲಕ್ಕೆ ಶುರುವಾಗಿ ಚಿಪ್ಪಿಗೆ ಚಿಪ್ಪು ಕೂಡಿದಂತೆ ಕೂಡಿಕೊಳ್ಳುತ್ತವೆ. ಅದೇ ನಾಟಕದ ಇನ್ನೊಂದು ಕಡೆ ಪ್ರೇಮಿಗಳಿಬ್ಬರು ಒಬ್ಬರನ್ನೊಬ್ಬರು ಮೆಚ್ಚಿಕೊಳ್ಳುತ್ತಿದ್ದಾರೆ. ಕೇಳಿಸಿಕೊಂಡೂ ಕೇಳಿಸದಂತಿರಲು ಅಕ್ಕತಂಗಿಯರ ದಂಡು ಹವಾಮಾನದ ಬಗ್ಗೆ ಲೊಟಲೊಟ ಹರಟುತ್ತಿದೆ. ಹರಟೆ ಎರಡರ ಎಣಿಕೆಯಲ್ಲಿ, ಪ್ರೇಮ ಮೂರರ ಎಣಿಕೆಯ ವಾಲ್ಟ್ಸ್‌ನಲ್ಲಿ. ಚತುರಶ್ರದ ಮೇಲೆ ತಿಶ್ರ ಓಡಿಸುವುದನ್ನು ಕಂಡು ತಲೆದೂಗುವ ನಮ್ಮ ಲಯಗಾರರು ಇದನ್ನು ಕೇಳಬೇಕು. ವಿದ್ಯೆಯ ಪ್ರದರ್ಶನವಾಗಬಹುದಾಗಿದ್ದು ಇಲ್ಲಿ ಪಾತ್ರಗಳ ಮನಸ್ಸನ್ನು ತೋರಿಸುವ ಕೆಲಸ ಮಾಡುತ್ತದೆ. ಇದು ಹಾಳಾದ ಪ್ರತಿಭೆಯ ಲಕ್ಷಣವಾದರೆ ನಾಲ್ಕು ಜನ ಹೀಗೆ ಹಾಳಾಗಲಿ.

ಜನ ಮುಗಿಬಿದ್ದರು. 1878ರ ‘ಎಚ್‌ಎಂಎಸ್ ಪಿನಾಫೋರ್’ ಬೇಸಿಗೆಯ ಸೆಖೆಯಲ್ಲಿ ಮೊದಮೊದಲು ಕುಂಟಿತು. ಸಲಿವನ್ ತಾನು ನಡೆಸುತ್ತಿದ್ದ ಕೋವೆಂಟ್ ಗಾರ್ಡನ್ ಸಂಗೀತ ಸಂಜೆಗಳಲ್ಲಿ ಅದರ ಹಾಡುಗಳನ್ನು ವಾದ್ಯದಲ್ಲಿ ನುಡಿಸಿದ ಮೇಲೆ ಟಿಕೆಟ್ಟಿಗೆ ಸಾಲು ಹತ್ತಿ, 571 ಪ್ರದರ್ಶನ ಕಂಡಿತು. ಅಮೆರಿಕದಲ್ಲಿ ಬಿಡಿಗಾಸು ಗೌರವಧನ ಕೊಡದೆ ಊರೂರಲ್ಲಿ ಅದನ್ನು ಆಡಿದರು. ಆ ಕಳ್ಳತನ ತಡೆಯಲು ಮುಂದಿನ ನಾಟಕವಾದ ‘ಪೈರೇಟ್ಸ್’ ಅನ್ನು ನ್ಯೂಯಾರ್ಕಿನಲ್ಲೇ 1879ರ ಡಿಸೆಂಬರ್ 31ರಂದು ಮೊದಲು ಆಡಿದರು. ಅದರ ಹೆಸರಲ್ಲಿ ಕಡಲ್ಗಳ್ಳರಿರುವುದು ಆಕಸ್ಮಿಕವಿರಲಾರದು. 1881ರಲ್ಲಿ ಕಾರ್ಟ್ ಈ ಜೋಡಿಗೆಂದೇ ಲಂಡನ್ನಿನಲ್ಲಿ ಸವಾಯ್ ಥಿಯೇಟರ್ ಕಟ್ಟಿಸಿ, ಸುಮಾರು 1,200 ವಿದ್ಯುದ್ದೀಪ ಹಾಕಿಸಿದ. ಪೂರ್ತಿ ವಿದ್ಯುತ್ತಿನಿಂದಲೇ ಬೆಳಗಿದ ಮೊದಲ ಸಾರ್ವಜನಿಕ ಕಟ್ಟಡ ಅದು. ಅಪಾಯವಿಲ್ಲವೆಂದು ತೋರಿಸಲು ಕಾರ್ಟ್ ವೇದಿಕೆಯ ಮೇಲೆ ಉರಿಯುವ ಬಲ್ಬೊಂದನ್ನು ಒಡೆದನಂತೆ.

ಒಳಗಿನ ಕಥೆ ಬೇರೆಯಿತ್ತು. 1882ರ ನವೆಂಬರ್ 25, ‘ಅಯೋಲಾಂಥಿ’ಯ ಮೊದಲ ರಾತ್ರಿ. ತನ್ನ ಉಳಿತಾಯವಿಟ್ಟಿದ್ದ ದಲ್ಲಾಳಿ ದಿವಾಳಿಯಾಗಿ ಸುಮಾರು 7,000 ಪೌಂಡ್ ಮುಳುಗಿತೆಂಬ ಸುದ್ದಿ ಅದೇ ದಿನ ಬಂತು. ಸಲಿವನ್ ಕೋಟು ತೊಟ್ಟು ಹೋಗಿ ವಾದ್ಯವೃಂದದ ಮುಂದೆ ನಿಂತ. ಮರುವರ್ಷ ರಾಣಿ ನೈಟ್ ಪದವಿ ಕೊಟ್ಟಳು, ಸಂಗೀತ ಪತ್ರಿಕೆಗಳು ಕೂಡಲೇ ಬುದ್ಧಿ ಹೇಳತೊಡಗಿದವು: ಸರ್ ಆರ್ಥರ್ ಆದವನು ಇನ್ನು ಮೇಲೆ ಹಾಸ್ಯದ ಕೊಳಕಿಗೆ ಕೈಹಾಕಬಾರದು. ಅವನಿಗೂ ಬೇಸರ ಬಂದಿತ್ತು. 1884ರಲ್ಲಿ, ನುಂಗಿದವರನ್ನು ಬದಲಾಯಿಸಿಬಿಡುವ ಮಂತ್ರದ ಗುಳಿಗೆಯ ಕಥೆಯೊಂದನ್ನು ಗಿಲ್ಬರ್ಟ್ ಮತ್ತೆ ಮತ್ತೆ ಮುಂದಿಟ್ಟಾಗ ಸಲಿವನ್ ಒಪ್ಪಲೇ ಇಲ್ಲ. ನಿಜವಾದ ಮನುಷ್ಯರ ಸುಖದುಃಖವಿರುವ ಕಥೆ ಕೊಡು, ನನ್ನ ಸಂಗೀತ ಬರೀ ನಿನ್ನ ಅಕ್ಷರಗಳನ್ನು ಹೊರುವ ಕತ್ತೆಯಾಗಬಾರದು ಎಂಬುದು ಅವನ ವಾದದ ಸಾರ. ಗಿಲ್ಬರ್ಟ್ ಗುಳಿಗೆ ಬಿಟ್ಟ. ಆ ಮುನಿಸಿನಿಂದ ಹುಟ್ಟಿದ್ದು 1885ರ ಮಾರ್ಚ್ 14ರ ‘ಮಿಕಾಡೊ’, 672 ಪ್ರದರ್ಶನ.

ಮರುವರ್ಷವೇ ಲೀಡ್ಸ್ ಉತ್ಸವದಲ್ಲಿ ‘ಗೋಲ್ಡನ್ ಲೆಜೆಂಡ್’ ಬಂತು. ಕೇಳಿದವರು ಹುಚ್ಚಾದರು, ಕೆಲಕಾಲ ಬ್ರಿಟನ್ನಿನ ಗಾಯಕ ಸಂಘಗಳಲ್ಲಿ ಹ್ಯಾಂಡಲ್‌ನ ‘ಮೆಸೈಯಾ’ ಬಿಟ್ಟರೆ ಇದೇ ಎಂಬಷ್ಟು ಹಾಡಿದರು. 1888ರಲ್ಲಿ ಅದನ್ನು ಕೇಳಿದ ವಿಕ್ಟೋರಿಯಾ ರಾಣಿ, ನೀನು ದೊಡ್ಡ ಒಪೆರಾ ಬರೆಯಬೇಕು ಎಂದಳು. ರಾಣಿಯ ಮಾತು ಅವನ ದಿನಚರಿಗೂ ತಲೆಗೂ ಏರಿತು. ಕಾರ್ಟ್ ಅದಕ್ಕೆಂದೇ ಕೇಂಬ್ರಿಜ್ ಸರ್ಕಸ್‌ನಲ್ಲಿ ಭವ್ಯ ಒಪೆರಾ ಮಂದಿರ ಕಟ್ಟಲು ಹೊರಟ.

ಅಷ್ಟರಲ್ಲಿ ಕಾರ್ಪೆಟ್ಟಿನ ಜಗಳ. 1890ರಲ್ಲಿ ‘ದ ಗೊಂಡೊಲಿಯರ್ಸ್’ ಖರ್ಚಿನ ಪಟ್ಟಿಯಲ್ಲಿ ಥಿಯೇಟರಿನ ಹೊಸ ಕಾರ್ಪೆಟ್ಟಿಗೆ 500 ಪೌಂಡ್ ಹಾಕಿದ್ದನ್ನು ಕಂಡು ಗಿಲ್ಬರ್ಟ್ ಕೆರಳಿದ. ಪ್ರಕರಣ ಕೋರ್ಟು ಹತ್ತಿತು. ಸಲಿವನ್ ಕಾರ್ಟ್‌ನ ಪರ ನಿಂತ. ಕಾರ್ಪೆಟ್ಟಿಗಾಗಿ ಇಷ್ಟು ದೊಡ್ಡ ಜೋಡಿ ಒಡೆಯಿತು ಎಂದು ಹೇಳಿ ನಗುವುದು ರೂಢಿ. ಸಲಿವನ್‌ಗೆ ಅದು ಕಾರ್ಪೆಟ್ಟಿನ ಪ್ರಶ್ನೆಯಾಗಿರಲಿಲ್ಲ. ಅವನ ದೊಡ್ಡ ಒಪೆರಾದ ಮನೆ ಕಟ್ಟುತ್ತಿದ್ದದ್ದು ಕಾರ್ಟ್. ಗಿಲ್ಬರ್ಟ್ ಇಲ್ಲದ ಸವಾಯ್ ವೇದಿಕೆಗೆ 1891ರಲ್ಲಿ ಎಡ್ವರ್ಡ್ ಸಾಲೊಮನ್ ಸಂಗೀತದ ‘ದ ನಾಚ್ ಗರ್ಲ್’ ಬಂತು. ಅದರ ಕಥೆ ನಡೆಯುವುದು ನಮ್ಮ ದೇಶದಲ್ಲಿ, ಚಟ್ನಿಪುರ ಎಂಬ ಸಂಸ್ಥಾನದಲ್ಲಿ. ಹೆಸರೇ ಸಾಕು, ಹೆಚ್ಚು ಹೇಳುವುದಿಲ್ಲ.

‘ಐವನ್‌ಹೋ’ ಎಂಬ ಆ ದೊಡ್ಡ ಒಪೆರಾ 1891ರ ಜನವರಿ 31ರಂದು ತೆರೆಕಂಡು ಒಂದೇ ಸಮನೆ 155 ರಾತ್ರಿ ನಡೆಯಿತು. ಗಂಭೀರ ಒಪೆರಾವನ್ನು ಹಾಗೆ ದಿನಾ ಆಡುವ ಪದ್ಧತಿ ಎಲ್ಲೂ ಇರಲಿಲ್ಲ. ಮುಂದೆ ಆಡಲು ಇನ್ನೊಂದು ಇಂಗ್ಲಿಷ್ ಒಪೆರಾ ಕಾರ್ಟ್ ಕೈಯಲ್ಲಿರಲಿಲ್ಲ. ಮಂದಿರ ಮಾರಾಟವಾಗಿ ಮನರಂಜನೆಯ ಮ್ಯೂಸಿಕ್ ಹಾಲ್ ಆಯಿತು. ಇಂದಿನ ಪ್ಯಾಲೆಸ್ ಥಿಯೇಟರ್ ಅದೇ. ಕೃತಿ ಹೇಗಿದೆ? 2010ರಲ್ಲಿ ಬಂದ ಒಳ್ಳೆಯ ಧ್ವನಿಮುದ್ರಣ ಕೇಳಿದರೆ ಸಲಿವನ್ ದ್ವೇಷಿಗಳು ಹೇಳುವಷ್ಟು ಕೆಟ್ಟದಲ್ಲ. ಬಣ್ಣ ಬಣ್ಣದ ವಾದ್ಯ, ಯಹೂದಿ ಹುಡುಗಿ ರೆಬೆಕಾಳ ಪ್ರಾರ್ಥನೆ, ಕುಡಿದು ಕುಣಿಯುವ ಸನ್ಯಾಸಿಯ ಹಾಡು ಎಲ್ಲ ಚೆನ್ನಾಗಿವೆ. ನಡುನಡುವೆ ಸಂಗೀತ ಮೈಮರೆತು ತೂಕಡಿಸುತ್ತದೆ. ಕಾರಣ ಸಾಹಿತ್ಯದಲ್ಲಿದೆ ಎಂದು ನನಗನಿಸುತ್ತದೆ. ಎದುರಾಡುವ ಮಾತು ಸಿಕ್ಕಾಗ ಸಲಿವನ್ ಚುರುಕಾಗುತ್ತಾನೆ; ಗಿಲ್ಬರ್ಟ್‌ನ ತಣ್ಣನೆಯ ವ್ಯಂಗ್ಯಕ್ಕೆ ಇವನು ಬೆಚ್ಚನೆಯ ರಾಗ ಹೊದಿಸುತ್ತಾನೆ, ಆ ಎರಡರ ತಿಕ್ಕಾಟದಲ್ಲಿ ಕಿಡಿ. ಸಾಹಿತ್ಯವೇ ಮೊದಲೇ ಕರಗಿ ಮೇಣವಾಗಿದ್ದರೆ ಇವನೂ ಜೊತೆಗೆ ಕರಗುತ್ತಾನೆ. ಗಿಲ್ಬರ್ಟ್ ಬೇರೆ ಸಂಯೋಜಕರ ಜೊತೆ ಬರೆದ ನಾಟಕಗಳನ್ನು ಇಂದು ಆಡುವವರು ಬಹಳ ವಿರಳ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ತಕ್ಕಡಿ ಒಂದೇ ಕಡೆ ವಾಲಬಾರದು.

ಇಬ್ಬರೂ ಮತ್ತೆ ಸೇರಿ 1893ರಲ್ಲಿ, 1896ರಲ್ಲಿ ಎರಡು ನಾಟಕ ಕಟ್ಟಿದರು. ಹಳೆಯ ಕಾವು ಬರಲಿಲ್ಲ. 1900ರ ನವೆಂಬರ್ 22ರಂದು, ಸಂಗೀತದ ಸಂತಳಾದ ಸಿಸಿಲಿಯಾಳ ಹಬ್ಬದ ದಿನ, ಸಲಿವನ್ ತೀರಿಕೊಂಡ, 58 ವರ್ಷ. ಬ್ರಾಂಪ್ಟನ್ ಸ್ಮಶಾನದಲ್ಲಿ ಮನೆಯವರ ಪಕ್ಕ ಮಲಗಬೇಕೆಂಬುದು ಅವನ ಆಸೆ. ರಾಣಿಯ ಅಪ್ಪಣೆಯಂತೆ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಮಣ್ಣು ಮಾಡಿದರು. ಸತ್ತ ಮೇಲೂ ದೊಡ್ಡಸ್ತಿಕೆ ಬಿಡಲಿಲ್ಲ.

ಮಣ್ಣು ಆರುವ ಮೊದಲೇ ತೀರ್ಪು ಬಂತು. 1901ರಲ್ಲಿ ‘ದ ಟೈಮ್ಸ್’ನ ಸಂಗೀತ ವಿಮರ್ಶಕ ಫುಲ್ಲರ್ ಮೇಟ್‌ಲ್ಯಾಂಡ್ ‘ಕಾರ್ನ್‌ಹಿಲ್’ ಪತ್ರಿಕೆಯಲ್ಲಿ ಬರೆದ ಲೇಖನದ ತಾತ್ಪರ್ಯ, ದೇವರು ಕೊಟ್ಟ ವರವನ್ನು ಇವನು ಜನಪ್ರಿಯತೆಗೂ ದೊಡ್ಡವರ ಸ್ನೇಹಕ್ಕೂ ಮಾರಿಕೊಂಡ ಎಂಬುದು. ಸಂಯೋಜಕ ಎಲ್ಗರ್ ಆ ಲೇಖನವನ್ನು ವಿಮರ್ಶೆಯ ಕರಾಳ ಮುಖವೆಂದು ಬರ್ಮಿಂಗ್‌ಹ್ಯಾಮ್‌ನ ಉಪನ್ಯಾಸದಲ್ಲಿ ಖಂಡಿಸಿದ. ಆದರೂ ಮೇಟ್‌ಲ್ಯಾಂಡ್‌ನ ಮಾತೇ ಗಟ್ಟಿಯಾಗಿ ನಿಂತಿತು. ಪ್ಯಾರಿ, ಸ್ಟ್ಯಾನ್‌ಫರ್ಡ್ ಮೊದಲಾದ ಪ್ರಾಧ್ಯಾಪಕ ಸಂಯೋಜಕರಿಂದ ಇಂಗ್ಲಿಷ್ ಸಂಗೀತದ ಪುನರುಜ್ಜೀವನವಾಯಿತು ಎಂದು ಚರಿತ್ರೆ ಬರೆದವರಿಗೆ ಅದಕ್ಕೆ ಮುಂಚಿನ ಕಾಲ ಕತ್ತಲೆಯಾಗಿರಬೇಕಿತ್ತು. ಕತ್ತಲೆಗೆ ಒಂದು ಹೆಸರೂ ಬೇಕಿತ್ತು.

ಜನಕ್ಕೆ ಈ ತೀರ್ಪಿನ ಗೊಡವೆಯಿರಲಿಲ್ಲ. ಡೋಯ್ಲಿ ಕಾರ್ಟ್ ಮನೆತನದ ಕಂಪನಿ ತಲೆಮಾರುಗಳ ಕಾಲ ಊರೂರು ತಿರುಗಿ ಈ ನಾಟಕಗಳನ್ನು ಆಡಿತು. ಹಕ್ಕು ಅವರದೇ. ಗಿಲ್ಬರ್ಟ್ ಹೇಳಿಕೊಟ್ಟ ಹೆಜ್ಜೆ, ಬೀಸಣಿಗೆ ಬಿಚ್ಚುವ ರೀತಿ ಎಲ್ಲವನ್ನೂ ಮಡಿಯಿಂದ ಕಾಪಾಡಿಕೊಂಡು ಬಂದರು. ಆ ಮಡಿಯೇ ಕೃತಿಗಳನ್ನು ಉಳಿಸಿತು. ಆ ಮಡಿಯೇ ಅವುಗಳಿಗೆ ಗಾಳಿ ಬೆಳಕು ತಪ್ಪಿಸಿತು. ಬ್ರಿಟನ್ನಿನ ಕಾಯ್ದೆಯಂತೆ ಸಂಗೀತದ ಹಕ್ಕು 1950ಕ್ಕೆ ಮುಗಿಯಿತು. 1911ರಲ್ಲಿ ಸತ್ತ ಗಿಲ್ಬರ್ಟ್‌ನ ಸಾಹಿತ್ಯದ ಹಕ್ಕು 1961ರ ತನಕ ಉಳಿಯಿತು. ಈ ಹನ್ನೊಂದು ವರ್ಷದ ಸಂದಿಯಲ್ಲಿ ಒಂದು ಪರೀಕ್ಷೆ ತಾನಾಗಿಯೇ ನಡೆದುಹೋಯಿತು. ಯುವಕ ಚಾರ್ಲ್ಸ್ ಮೆಕೆರಸ್ 1951ರಲ್ಲಿ ಬರೀ ಸಲಿವನ್ ಸಂಗೀತವನ್ನು ಹೆಕ್ಕಿ ಹೆಣೆದು, ಒಂದಕ್ಷರ ಹಾಡಿಲ್ಲದ ‘ಪೈನಾಪಲ್ ಪೋಲ್’ ಎಂಬ ಬ್ಯಾಲೆಗೆ ಸಿದ್ಧಮಾಡಿಕೊಟ್ಟ. ಗಿಲ್ಬರ್ಟ್ ಮಾತು ಕಿತ್ತರೆ ಸಲಿವನ್ ನಿಲ್ಲಲಾರ ಎನ್ನುವವರಿಗೆ ಆ ಬ್ಯಾಲೆಯೇ ಉತ್ತರ. ಅದನ್ನು ಇಂದಿಗೂ ನುಡಿಸುತ್ತಾರೆ.

1982ರಲ್ಲಿ ಹಳೆಯ ಕಂಪನಿ ಬಾಗಿಲು ಹಾಕಿತು. ಅಷ್ಟು ಹೊತ್ತಿಗೆ ನಾಟಕಗಳು ಶಾಲೆ, ಕಾಲೇಜು, ಚರ್ಚು, ಬ್ಯಾಂಕು ನೌಕರರ ಸಂಘಗಳ ಕೈಗೆ ಸೇರಿಯಾಗಿತ್ತು. ಇಂಗ್ಲಿಷ್ ಮಾತಾಡುವ ದೇಶಗಳಲ್ಲಿ ಹವ್ಯಾಸಿಗಳೇ ಇವುಗಳ ನಿಜವಾದ ವಾರಸುದಾರರು. ಅಮೆರಿಕದ ಮ್ಯೂಸಿಕಲ್ ನಾಟಕಗಳ ಗೀತಕಾರರು ಗಿಲ್ಬರ್ಟ್ ಹತ್ತಿರ ಪ್ರಾಸ ಕಲಿತರು. ಸಲಿವನ್ ಹತ್ತಿರ ಕಲಿಯಬೇಕಾದ್ದನ್ನು ಅಷ್ಟಾಗಿ ಯಾರೂ ಕಲಿಯಲಿಲ್ಲ, ಅದಕ್ಕೆ ಲೈಪ್‌ಜಿಗ್‌ಗೆ ಹೋಗಿ ಬರಬೇಕಿತ್ತು. ರಾಗಗಳು ಮಾತ್ರ ಕಾಲು ಬಂದಂತೆ ತಿರುಗಾಡಿದವು. ‘ಪೈರೇಟ್ಸ್’ನ ಮೇಜರ್ ಜನರಲ್ ಹಾಡಿನ ಧಾಟಿಗೆ 1959ರಲ್ಲಿ ಟಾಮ್ ಲೆಹ್ರರ್ ಎಂಬ ಗಣಿತದ ಮೇಷ್ಟ್ರು ರಸಾಯನಶಾಸ್ತ್ರದ ಮೂಲವಸ್ತುಗಳ ಹೆಸರನ್ನೆಲ್ಲ ಕೂರಿಸಿದ. ಸಲಿವನ್ ಹೆಸರೇ ಕೇಳದ ಮಕ್ಕಳ ಬಾಯಲ್ಲೂ ಆ ನಡೆ ಇಂದು ಓಡುತ್ತಿದೆ.

‘ಮಿಕಾಡೊ’ಗೆ ಹೊಸ ತೊಡಕು ಬಂದಿದೆ. ಬಿಳಿಯರು ಕಣ್ಣಿಗೆ ಬಣ್ಣ ಬಳಿದುಕೊಂಡು ಜಪಾನೀಯರಂತೆ ಗೊಂಬೆಯಾಟ ಆಡುವುದನ್ನು ಏಷ್ಯಾ ಮೂಲದ ಅಮೆರಿಕನ್ನರು ವಿರೋಧಿಸಿ, 2015ರಲ್ಲಿ ನ್ಯೂಯಾರ್ಕಿನ ಒಂದು ಪ್ರದರ್ಶನ ರದ್ದಾಯಿತು. ನಾಟಕ ಲೇವಡಿ ಮಾಡುವುದು ಇಂಗ್ಲೆಂಡಿನ ಅಧಿಕಾರಿಶಾಹಿಯನ್ನು, ಜಪಾನ್ ಬರೀ ಮುಖವಾಡ ಎಂಬ ಸಮರ್ಥನೆ ನಿಜ. ಚಟ್ನಿಪುರದ ಊರಿನವರಾದ ನಮಗೆ ಆ ಸಮರ್ಥನೆ ಪೂರ್ತಿ ಸಾಲುವುದಿಲ್ಲ. ಸಂಗೀತದ ಮಟ್ಟಿಗೆ ಒಂದು ಮಾತು: ಮಿಕಾಡೊ ಪ್ರವೇಶಿಸುವಾಗ ಸಲಿವನ್ ಹುಸಿ ಪೂರ್ವದ ಟಿಂಗ್‌ಟಾಂಗ್ ಹಾಕದೆ ಜಪಾನಿನದೇ ಒಂದು ಸೈನಿಕರ ಹಾಡನ್ನು ತಂದಿದ್ದಾನೆ. ಉಳಿದ ಕಡೆ ಸಂಗೀತ ಬಹುಪಾಲು ಇಂಗ್ಲಿಷೇ. ಮದುವೆಯ ಬೆಳಗಿಗೆ ಹಳೆಯ ಮ್ಯಾಡ್ರಿಗಲ್ ಶೈಲಿಯ ಹಾಡಿದೆ, ಸುಖದ ಹಾಡು ಹಾಡುತ್ತ ನಾಲ್ವರೂ ಕಣ್ಣೀರಿಡುತ್ತಾರೆ. 1986ರಲ್ಲಿ ಜೊನಾಥನ್ ಮಿಲ್ಲರ್ ಇಡೀ ನಾಟಕವನ್ನು ಇಂಗ್ಲಿಷ್ ಹೋಟೆಲೊಂದಕ್ಕೆ ಸಾಗಿಸಿ ಆಡಿಸಿದಾಗ ಒಂದು ಸ್ವರವನ್ನೂ ಬದಲಿಸಬೇಕಾಗಲಿಲ್ಲ.

ಗಂಭೀರ ಕೃತಿಗಳ ಹಣೆಬರಹ ಬೇರೆ. ಚೆಲ್ಲೊ ಕನ್‌ಚೆರ್ಟೊದ ಪೂರ್ಣ ಸ್ವರಲಿಪಿ 1964ರಲ್ಲಿ ಪ್ರಕಾಶಕರ ಗೋದಾಮಿಗೆ ಬೆಂಕಿ ಬಿದ್ದು ಸುಟ್ಟುಹೋಯಿತು; ಮೆಕೆರಸ್ ತನ್ನ ನೆನಪಿನಿಂದ ಮತ್ತು ಉಳಿದಿದ್ದ ಬಿಡಿ ಹಾಳೆಗಳಿಂದ ಡೇವಿಡ್ ಮ್ಯಾಕಿ ಜೊತೆ ಸೇರಿ ಅದನ್ನು ಮತ್ತೆ ಕಟ್ಟಿದ. ಗರ್ವೇಸ್ ಹ್ಯೂಸ್ 1960ರಲ್ಲಿ ಸಂಗೀತವನ್ನೇ ಬಿಡಿಸಿ ನೋಡುವ ಪುಸ್ತಕ ಬರೆದ, ಆರ್ಥರ್ ಜೇಕಬ್ಸ್ 1984ರಲ್ಲಿ ದಿನಚರಿಗಳನ್ನು ಜಾಲಾಡಿ ಜೀವನಚರಿತ್ರೆ ಬರೆದ. ಆದರೆ ಕೇಳಿ ತೀರ್ಮಾನಿಸಲು ಕೃತಿಯೇ ಸಿಗುತ್ತಿರಲಿಲ್ಲ. ಎಥೆಲ್ ಸ್ಮಿತ್ ಕೈಗೆ ಬಂದಿದ್ದ ಆ ‘ಗೋಲ್ಡನ್ ಲೆಜೆಂಡ್’ ವೃತ್ತಿಪರ ಧ್ವನಿಮುದ್ರಣವಾಗಿ ಪೂರ್ತಿ ಸಿಕ್ಕಿದ್ದು 2001ರಲ್ಲಿ.

ಅದನ್ನು ಕೇಳಿದೆ. ಶುರುವಿನಲ್ಲಿ ಸೈತಾನನೂ ಅವನ ಭೂತಗಣವೂ ಬಿರುಗಾಳಿಯಲ್ಲಿ ಸ್ಟ್ರಾಸ್‌ಬರ್ಗ್ ಕೆಥೆಡ್ರಲ್ಲಿನ ಗೋಪುರದ ಶಿಲುಬೆ ಕೀಳಲು ಹೆಣಗುತ್ತಾರೆ, ಗಂಟೆಗಳು ಅವರನ್ನು ಹಿಮ್ಮೆಟ್ಟಿಸುತ್ತವೆ. ಬ್ಯಾಂಡ್ ಮಾಸ್ಟರ್‌ನ ಮಗ ಅಲ್ಲಿ ಮೈದುಂಬಿದ್ದಾನೆ. ಆಮೇಲೆ ಎಷ್ಟೋ ಪುಟ ಸುಮ್ಮನೆ ಸಾಗುತ್ತದೆ. ಸಂಜೆಯ ಪ್ರಾರ್ಥನೆಯ ಹೊತ್ತಿಗೆ ವಾದ್ಯಗಳೆಲ್ಲ ನಿಂತು ಬರೀ ಕಂಠಗಳು ಉಳಿಯುತ್ತವೆ. ಎರಡು ಮೂರು ನಿಮಿಷ, ಚಾಪೆಲ್ ರಾಯಲ್‌ನ ಹುಡುಗ ಕಲಿತ ನಾಲ್ಕು ಸಾಲುಗಳ ಹೆಣಿಗೆ, ಒಂದು ಸ್ವರ ಹೆಚ್ಚಿಲ್ಲ. ಆ ದನಿ ಎಲ್ಲೋ ಕೇಳಿದ್ದೆನಲ್ಲ ಎನಿಸಿತು. ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ. ‘ಪೈರೇಟ್ಸ್’ನ ಮೊದಲ ಅಂಕದಲ್ಲಿ ಗಲಾಟೆ ತಾರಕಕ್ಕೇರಿರುವಾಗ ಕಡಲ್ಗಳ್ಳರು, ಹುಡುಗಿಯರು, ಮೇಜರ್ ಜನರಲ್ ಎಲ್ಲರೂ ಕಾರಣವೇ ಇಲ್ಲದೆ ಥಟ್ಟನೆ ಮಂಡಿಯೂರಿ, ವಾದ್ಯಗಳನ್ನು ಬಿಟ್ಟು, ಕಾವ್ಯದೇವಿಗೆ ನಮಸ್ಕರಿಸಿ ಹಾಡುತ್ತಾರೆ. ಅದೇ ನಡೆ, ಅದೇ ತುಂಬುಕಂಠ. ಎರಡನ್ನೂ ಒಂದರ ಹಿಂದೊಂದು ಹಾಕಿ, ಇಂಗ್ಲಿಷ್ ಬಾರದ ಗೆಳೆಯರೊಬ್ಬರಿಗೆ ಕೇಳಿಸಿ, ಇವುಗಳಲ್ಲಿ ತಮಾಷೆಯದು ಯಾವುದು ಎಂದೆ. ಅವರು ಎರಡನ್ನೂ ಇನ್ನೊಮ್ಮೆ ಹಾಕಲು ಹೇಳಿದರು.